ಘಟನೆ ಉಳಿಯಿತು, ಕಾರಣ ಹೋಯಿತು

2019ರ ಮೇ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಅಕ್ಕನ ಮಗ ಫೋನ್ ಮಾಡಿದ. 'ಗೇಮ್ ಆಫ್ ಥ್ರೋನ್ಸ್' ಧಾರಾವಾಹಿಯ ಕೊನೆಯ ಕಂತಿಗೆ ಹಿಂದಿನ ಕಂತನ್ನು ಅವನು ಆಗಷ್ಟೇ ನೋಡಿ ಮುಗಿಸಿದ್ದ. ಅದರಲ್ಲಿ ಶರಣಾಗತಿಯ ಗಂಟೆಗಳು ಮೊಳಗಿದ ಮೇಲೂ ರಾಣಿ ಡೆನೇರಿಸ್ ತನ್ನ ಡ್ರ್ಯಾಗನ್ ಏರಿ ಇಡೀ ರಾಜಧಾನಿಯನ್ನು, ಅದರ ಹೆಂಗಸರು ಮಕ್ಕಳ ಸಮೇತ, ಸುಟ್ಟುಹಾಕುತ್ತಾಳೆ. ಗುಲಾಮರ ಸಂಕೋಲೆ ಕಳಚಿದವಳೆಂದು ಎಂಟು ವರ್ಷ ಅವನು ಮೆಚ್ಚಿಕೊಂಡಿದ್ದ ಪಾತ್ರವದು. ಅವನ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಮೋಸಹೋದವನ ಬೇಸರವಿತ್ತು. "ಪುಸ್ತಕದಲ್ಲೂ ಹೀಗೇ ಇದೆಯಾ ಮಾವ?" ಎಂದು ಕೇಳಿದ.

ಎಂಟು ವರ್ಷಗಳಿಂದ ಈ ಪ್ರಶ್ನೆಗೆ ನಾನು ಗತ್ತಿನಿಂದ ಉತ್ತರಿಸುತ್ತ ಬಂದಿದ್ದೆ. ಕಾದಂಬರಿಗಳನ್ನು ಓದಿದವನು ನಾನು, ನೋಡಿದವನು ಅವನು. ಪ್ರತಿ ಕಂತಿನ ನಂತರವೂ 'ಪುಸ್ತಕದಲ್ಲಿ ಹಾಗಿಲ್ಲ, ಹೀಗಿದೆ' ಎಂದು ತಿದ್ದುವುದು ನನ್ನ ಹಕ್ಕೆಂದೇ ಭಾವಿಸಿದ್ದೆ. ಆ ದಿನ ಮಾತ್ರ "ಪುಸ್ತಕದಲ್ಲಿ ಅದನ್ನ ಇನ್ನೂ ಬರೆದೇ ಇಲ್ಲ ಕಣೋ" ಎನ್ನಬೇಕಾಯಿತು. ಆ ಉತ್ತರ ಹೇಳಿದ ಮೇಲೆ, ಇಷ್ಟು ವರ್ಷ ನಾನು ಹೋಲಿಸಿ ನೋಡುತ್ತಿದ್ದದ್ದಾದರೂ ಏನನ್ನು ಎಂಬ ಪ್ರಶ್ನೆ ನನ್ನನ್ನು ಬಿಡದೆ ಕಾಡತೊಡಗಿತು.

ಅಮೆರಿಕದ ಲೇಖಕ ಜಾರ್ಜ್ ಆರ್.ಆರ್. ಮಾರ್ಟಿನ್ ಅವರ 'ಎ ಸಾಂಗ್ ಆಫ್ ಐಸ್ ಅಂಡ್ ಫೈರ್' ಮಾಲೆಯ ಮೊದಲ ಕಾದಂಬರಿ ಪ್ರಕಟವಾದದ್ದು 1996ರಲ್ಲಿ. ನಂತರದವು 1998, 2000, 2005 ಮತ್ತು 2011ರಲ್ಲಿ ಬಂದವು. ವೆಸ್ಟೆರಾಸ್ ಎಂಬ ಕಲ್ಪಿತ ಖಂಡದ ಸಿಂಹಾಸನಕ್ಕಾಗಿ ರಾಜಮನೆತನಗಳು ನಡೆಸುವ ಕದನ, ಉತ್ತರದ ಹಿಮದಾಚೆಯಿಂದ ಬರುವ ಸಾವು, ಸಮುದ್ರದಾಚೆ ಬೆಳೆಯುವ ಡ್ರ್ಯಾಗನ್‌ಗಳು ಇದರ ವಸ್ತು. ಡೇವಿಡ್ ಬೆನಿಯಾಫ್ ಮತ್ತು ಡಿ.ಬಿ. ವೈಸ್ ಇದನ್ನು ಎಚ್‌ಬಿಒ ವಾಹಿನಿಗೆ ಧಾರಾವಾಹಿಯಾಗಿಸಿದರು. 2011ರ ಏಪ್ರಿಲ್‌ನಿಂದ 2019ರ ಮೇವರೆಗೆ ಎಂಟು ಸರಣಿಗಳಲ್ಲಿ 73 ಕಂತುಗಳು ಪ್ರಸಾರವಾದವು. ಮಾಲೆಯ ಆರನೆಯ ಕಾದಂಬರಿಗಾಗಿ ಓದುಗರು 2011ರಿಂದ ಕಾಯುತ್ತಲೇ ಇದ್ದಾರೆ. ಮುಗಿದ ಧಾರಾವಾಹಿಯನ್ನು ಮುಗಿಯದ ಕಾದಂಬರಿಯೊಂದಿಗೆ ಹೋಲಿಸುವ ವಿಚಿತ್ರ ಸ್ಥಿತಿ ಇದರ ಅಭಿಮಾನಿಗಳದು.

ಮೂಲಕ್ಕೂ ತೆರೆಗೂ ತಾಳೆ ನೋಡುವ ಚಾಳಿ ಹೊಸದೇನಲ್ಲ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಬೆಸೆದು ಪುಟ್ಟಣ್ಣ ಕಣಗಾಲ್ 1972ರಲ್ಲಿ 'ನಾಗರಹಾವು' ತೆಗೆದಾಗ, ತಮ್ಮ ನಾಗರಹಾವು ತೆರೆಯ ಮೇಲೆ ಕೇರೆಹಾವಾಯಿತೆಂದು ಮೂಲ ಲೇಖಕರು ನೊಂದುಕೊಂಡರೆಂಬ ಮಾತು ನಮ್ಮಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಕನ್ನಡಿಗರು ಚಿತ್ರವನ್ನೂ ಒಪ್ಪಿಕೊಂಡರು, ಆ ಮಾತನ್ನೂ ಮರೆಯಲಿಲ್ಲ. ಇಂಥ ತಾಳೆ ನೋಟವನ್ನು ಕೆಲಸವಿಲ್ಲದವರ ಕೊಂಕು ಎಂದು ತಳ್ಳಿಹಾಕುವವರುಂಟು. ಕೂದಲಿನ ಬಣ್ಣ, ಕತ್ತಿಯ ಹೆಸರು, ಪಾತ್ರದ ವಯಸ್ಸು ಇವುಗಳಲ್ಲೇ ನಿಂತುಬಿಟ್ಟರೆ ಅದು ಕೊಂಕೇ ಸರಿ. ನಾನೂ ಅಂಥ ಕೊಂಕು ಆಡಿದ್ದೇನೆ.

ಪ್ರಾಮಾಣಿಕವಾಗಿ ಹೇಳುವುದಾದರೆ, ಧಾರಾವಾಹಿ ಕಾದಂಬರಿಯನ್ನು ಮೀರಿಸಿದ ಜಾಗಗಳೂ ಇವೆ. ಮಾರ್ಟಿನ್ ಅವರ ಪ್ರತಿ ಅಧ್ಯಾಯವೂ ಒಂದೇ ಪಾತ್ರದ ಕಣ್ಣಿನಿಂದ ಕಾಣುವಂಥದ್ದು. ಮೊದಲ ಕಾದಂಬರಿಯಲ್ಲಿ, ಪೀಠಿಕೆಯನ್ನು ಬಿಟ್ಟರೆ, ಅಂಥ ಎಂಟು ಪಾತ್ರಗಳಷ್ಟೇ ಇವೆ. ಆ ಎಂಟು ಮಂದಿಯಲ್ಲಿ ಒಬ್ಬರಾದರೂ ಇಲ್ಲದ ಕೋಣೆಯೊಳಕ್ಕೆ ಓದುಗನಿಗೆ ಪ್ರವೇಶವಿಲ್ಲ. ಕ್ಯಾಮೆರಾಕ್ಕೆ ಈ ಕಟ್ಟುಪಾಡಿಲ್ಲ. ಆದ್ದರಿಂದಲೇ ರಾಜ ರಾಬರ್ಟ್ ಮತ್ತು ರಾಣಿ ಸೆರ್ಸಿ ತಮ್ಮ ಹಾಳಾದ ದಾಂಪತ್ಯವನ್ನು ಕುರಿತು ಬಹುಕಾಲದ ನಂತರ ಮನಬಿಚ್ಚಿ ಮಾತಾಡುವ ದೃಶ್ಯ ಮೊದಲ ಸರಣಿಯಲ್ಲಿ ಸಾಧ್ಯವಾಯಿತು. ಕಾದಂಬರಿಯಲ್ಲಿ ಅದಿಲ್ಲ. ಎರಡನೆಯ ಸರಣಿಯಲ್ಲಿ ಬಾಲಕಿ ಆರ್ಯಾ ತನ್ನ ಗುರುತು ಮರೆಸಿಕೊಂಡು ಮನೆತನದ ಶತ್ರು ಟೈವಿನ್ ಲ್ಯಾನಿಸ್ಟರ್‌ಗೇ ಪಾನಪಾತ್ರೆ ತುಂಬುವ ದೃಶ್ಯಗಳೂ ಹಾಗೆಯೇ. ಮೂಲದಲ್ಲಿ ಅವಳು ಸೇವೆ ಮಾಡುವುದು ಬೇರೊಬ್ಬ ಸರದಾರನಿಗೆ. ಓದಿದವರೂ ಈ ಬದಲಾವಣೆಗಳಿಗೆ ತಲೆದೂಗಿದರು. ಬದಲಾಯಿಸಿದ್ದೇ ತಪ್ಪೆಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಹಾಗಾದರೆ ಎಡವಿದ್ದೆಲ್ಲಿ? ಒಂದೇ ಒಂದು ಬದಲಾವಣೆಯನ್ನು ನೋಡೋಣ. ಲ್ಯಾನಿಸ್ಟರ್ ಮನೆತನದ ಕುಬ್ಜ ಮಗ ಟಿರಿಯನ್ ಹದಿಮೂರರ ವಯಸ್ಸಿನಲ್ಲಿ ಟೈಶಾ ಎಂಬ ಬಡ ಹುಡುಗಿಯನ್ನು ಪ್ರೀತಿಸಿ ಮದುವೆಯಾಗಿರುತ್ತಾನೆ. ಆಕೆ ಹಣಕ್ಕಾಗಿ ಬಂದ ವೇಶ್ಯೆಯೆಂದು ಅಣ್ಣ ಜೇಮಿಯ ಬಾಯಿಂದಲೇ ಹೇಳಿಸಿ, ತಂದೆ ಟೈವಿನ್ ಅವಳನ್ನು ಟಿರಿಯನ್ನನ ಕಣ್ಣೆದುರೇ ಕಾವಲುಗಾರರ ಕೈಗೆ ಒಪ್ಪಿಸುತ್ತಾನೆ. ತನ್ನನ್ನು ಯಾರೂ ನಿಜವಾಗಿ ಪ್ರೀತಿಸಲಾರರೆಂಬ ನಂಬಿಕೆ ಟಿರಿಯನ್ನನ ಎದೆಯಲ್ಲಿ ಬೇರೂರುವುದು ಅಲ್ಲಿಂದ. ಮೂರನೆಯ ಕಾದಂಬರಿಯ ಕೊನೆಗೆ, ಮರಣದಂಡನೆಗೆ ಗುರಿಯಾದ ತಮ್ಮನನ್ನು ಸೆರೆಯಿಂದ ಬಿಡಿಸುವಾಗ ಜೇಮಿ ಸತ್ಯ ಹೇಳುತ್ತಾನೆ: ಟೈಶಾ ವೇಶ್ಯೆಯಾಗಿರಲಿಲ್ಲ, ಅವಳ ಪ್ರೀತಿ ನಿಜವಾಗಿತ್ತು. ಅಣ್ಣತಮ್ಮಂದಿರು ಆ ಕ್ಷಣವೇ ಶತ್ರುಗಳಾಗಿ ಅಗಲುತ್ತಾರೆ. ತಪ್ಪಿಸಿಕೊಂಡು ಹೋಗಬೇಕಾದ ಟಿರಿಯನ್ ತಂದೆಯ ಕೋಣೆಗೆ ಏರಿಹೋಗುವುದು, ಟೈಶಾ ಎಲ್ಲಿ ಎಂದು ಕೇಳುವುದು, ಉತ್ತರದಲ್ಲಿನ ತಿರಸ್ಕಾರ ತಾಳಲಾರದೆ ಬಾಣ ಬಿಡುವುದು ಎಲ್ಲವೂ ಈ ಸತ್ಯದಿಂದ ಹೊರಡುತ್ತವೆ.

2014ರ ನಾಲ್ಕನೆಯ ಸರಣಿಯಲ್ಲಿ ಬಾಣವಿದೆ, ತಂದೆಯ ಹೆಣವಿದೆ. ಜೇಮಿಯ ತಪ್ಪೊಪ್ಪಿಗೆ ಮಾತ್ರ ಇಲ್ಲ. ಅಣ್ಣತಮ್ಮಂದಿರು ತಬ್ಬಿಕೊಂಡು ಬೀಳ್ಕೊಳ್ಳುತ್ತಾರೆ. ಮೊದಲ ಸರಣಿಯಲ್ಲೇ ಟಿರಿಯನ್ನನ ಬಾಯಲ್ಲಿ ಟೈಶಾಳ ಕತೆ ಹೇಳಿಸಿದ್ದವರು ಬಿತ್ತಿದ್ದನ್ನು ಕೊಯ್ಯಲೇ ಇಲ್ಲ. ಘಟನೆ ಉಳಿಯಿತು, ಕಾರಣ ಹೋಯಿತು. ಓದಿದವರು ಅಂದೇ ಇದನ್ನು ಎತ್ತಿ ಆಡಿದರು. ಎರಡು ನಿಮಿಷದ ಮಾತಿಗೆ ಇಷ್ಟು ಗದ್ದಲವೇ ಎಂದು ನೋಡಿದವರು ನಕ್ಕರು. ಆದರೆ ಮುಂದೇನಾಯಿತು? ಕಾದಂಬರಿಯಲ್ಲಿ ಅಲ್ಲಿಂದಾಚೆಗಿನ ಟಿರಿಯನ್ ಕಹಿ ತುಂಬಿದ, ತನ್ನನ್ನೇ ಅಸಹ್ಯಪಟ್ಟುಕೊಳ್ಳುವ, ಅಪಾಯಕಾರಿ ಮನುಷ್ಯ. ತೆರೆಯ ಟಿರಿಯನ್ ಬರಬರುತ್ತ ಸಜ್ಜನ ಸಲಹೆಗಾರನಾಗಿ, ಕೊನೆಕೊನೆಗೆ ತನ್ನ ಬುದ್ಧಿಯನ್ನೂ ಕಳೆದುಕೊಂಡವನಂತೆ ಕಂಡ. ಕಿತ್ತೊಗೆದ ಒಂದು ಕಲ್ಲಿನ ಜಾಗ ಐದು ವರ್ಷಗಳ ನಂತರವೂ ಗೋಡೆಯಲ್ಲಿ ಬಿರುಕಾಗಿ ಕಾಣುತ್ತಿತ್ತು.

ಹೋಲಿಕೆಯ ಅಲಗು ಓದುಗರನ್ನೂ ಬಿಡುವುದಿಲ್ಲ. 2015ರ ಐದನೆಯ ಸರಣಿಯಲ್ಲಿ ಕಥಾನಾಯಕಿಯರಲ್ಲಿ ಒಬ್ಬಳಾದ ಸಾನ್ಸಾಳನ್ನು ಕ್ರೂರಿ ರಾಮ್ಸೆ ಬೋಲ್ಟನ್‌ಗೆ ಮದುವೆ ಮಾಡಿಸಿದಾಗ, ಮೊದಲ ರಾತ್ರಿಯ ಅತ್ಯಾಚಾರದ ದೃಶ್ಯಕ್ಕೆ ದೊಡ್ಡ ಪ್ರತಿಭಟನೆಯೇ ಎದ್ದಿತು. ಪುಸ್ತಕದಲ್ಲಿ ಸಾನ್ಸಾಗೆ ಈ ಗತಿ ಇಲ್ಲ ಎಂದು ನಾನೂ ಅಕ್ಕನ ಮಗನಿಗೆ ಜೋರಾಗಿಯೇ ಹೇಳಿದೆ. "ಹಾಗಾದ್ರೆ ಪುಸ್ತಕದಲ್ಲಿ ಆ ಮದುವೆ ಯಾರಿಗೆ ಆಗತ್ತೆ?" ಎಂದು ಅವನು ಕೇಳಿದ. ಜೇನ್ ಪೂಲ್ ಎಂಬ ಹುಡುಗಿಗೆ ಎಂದೆ. ಸ್ಟಾರ್ಕ್ ಮನೆತನದ ಮೇಲ್ವಿಚಾರಕನ ಮಗಳವಳು, ಸಾನ್ಸಾಳ ಗೆಳತಿ. ಅವಳನ್ನು ಆರ್ಯಾ ಎಂದು ಸುಳ್ಳು ಹೇಳಿ ರಾಮ್ಸೆಗೆ ಕಟ್ಟುತ್ತಾರೆ, ಅವಳು ಪಡುವ ಹಿಂಸೆ ಇನ್ನೂ ಘೋರವಾದದ್ದು. ಹೇಳುತ್ತ ಹೇಳುತ್ತ ನನ್ನ ದನಿ ತಗ್ಗಿತು. ಜೇನ್‌ಳ ಪುಟಗಳನ್ನು ಓದುವಾಗ ನಾನು ಪ್ರತಿಭಟಿಸಿರಲಿಲ್ಲ. ಹಾಳೆ ತಿರುವಿ ಮುಂದೆ ಹೋಗಿದ್ದೆ. ಸರದಾರನ ಮಗಳಿಗಾದಾಗ ಕೆರಳಿದ ಮನಸ್ಸು ಆಳಿನ ಮಗಳಿಗಾದಾಗ ಸುಮ್ಮನಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡದೆ ಹೋಗಿದ್ದರೆ ಈ ಸಂಗತಿ ನನಗೆ ತಿಳಿಯುತ್ತಲೇ ಇರಲಿಲ್ಲ.

2016ರ ಆರನೆಯ ಸರಣಿಯ ಹೊತ್ತಿಗೆ ಧಾರಾವಾಹಿ ಕಾದಂಬರಿಗಳನ್ನು ದಾಟಿ ಮುಂದೆ ಹೋಗಿತ್ತು. ಹೋಡೋರ್ ಎಂಬ ಒಂದೇ ಮಾತು ಬಲ್ಲ ದೈತ್ಯ ಸೇವಕನ ಹೆಸರಿನ ಗುಟ್ಟು, ಓದುಗರಿಗೂ ನೋಡುಗರಿಗೂ ಒಟ್ಟಿಗೇ ತೆರೆಯ ಮೇಲೆ ಬಯಲಾಯಿತು. ಅಲ್ಲಿಗೆ ನನ್ನಂಥವರ ಗತ್ತು ಮುಗಿಯಬೇಕಿತ್ತು, ಹೋಲಿಕೆಯೂ ನಿಲ್ಲಬೇಕಿತ್ತು. ನಿಲ್ಲಲಿಲ್ಲ; ಅದರ ಅಳತೆಗೋಲು ಬದಲಾಯಿತು. ಮೊದಲ ಸರಣಿಯಲ್ಲಿ ರಾಜಧಾನಿಯಿಂದ ಉತ್ತರದ ಕೋಟೆಗೆ ಬರಲು ರಾಜಪರಿವಾರಕ್ಕೆ ತಿಂಗಳು ಹಿಡಿದಿತ್ತು. 2017ರ ಏಳನೆಯ ಸರಣಿಯಲ್ಲಿ, ಹಿಮಗೋಡೆಯಾಚೆ ಸಿಕ್ಕಿಬಿದ್ದವರ ಸುದ್ದಿಯನ್ನು ಕಾಗೆಯೊಂದು ದೂರದ ದಕ್ಷಿಣದ ದ್ವೀಪಕ್ಕೆ ಮುಟ್ಟಿಸಿ, ಅಲ್ಲಿಂದ ಡ್ರ್ಯಾಗನ್‌ಗಳು ಹಾರಿ ಬಂದು ಅವರನ್ನು ಕಾಪಾಡುವುದೆಲ್ಲ ಒಂದೇ ರಾತ್ರಿಯಲ್ಲಿ ನಡೆದಂತೆ ಕಂಡಿತು. ಅಭಿಮಾನಿಗಳು ಕಾಗೆಯ ವೇಗವನ್ನು ಲೆಕ್ಕ ಹಾಕಿದರು. ನಗು ತರಿಸುವ ಲೆಕ್ಕವೇ. ಆದರೆ ಅದರ ಹಿಂದಿನ ಪ್ರಶ್ನೆ ನಗುವಂಥದ್ದಲ್ಲ. ಡ್ರ್ಯಾಗನ್‌ಗಳಿರುವ ಲೋಕದಲ್ಲಿ ದಾರಿಯ ದೂರ ನಂಬುವಂತಿರಬೇಕೆಂದು ಅವರಿಗೆ ಕಲಿಸಿದವರು ಸ್ವತಃ ಮಾರ್ಟಿನ್. ಕಲ್ಪನೆ ಎಷ್ಟು ಎತ್ತರಕ್ಕೆ ಹಾರುತ್ತದೆಯೋ ಅಷ್ಟೇ ಗಟ್ಟಿಯಾದ ನೆಲ ಅದಕ್ಕೆ ಬೇಕು.

ಮೊದಲ ಆರು ಸರಣಿಗಳಲ್ಲಿ ತಲಾ ಹತ್ತು ಕಂತುಗಳಿದ್ದರೆ ಏಳನೆಯದರಲ್ಲಿ ಏಳು, ಎಂಟನೆಯದರಲ್ಲಿ ಆರು. ಡೆನೇರಿಸ್ ದಹನಕಾರಿಣಿಯಾಗುವ ದಾರಿ ಈ ಇಕ್ಕಟ್ಟಿನಲ್ಲಿ ಸಾಗಬೇಕಾಯಿತು. ಆ ತಿರುವು ಅಸಾಧ್ಯವೆಂದು ಓದುಗರಾರೂ ಹೇಳಲಾರರು. ಐದನೆಯ ಕಾದಂಬರಿಯ ಕೊನೆಯಲ್ಲಿ ಹುಲ್ಲುಗಾವಲಿನಲ್ಲಿ ಒಂಟಿಯಾಗಿ ಅಲೆಯುವ ಡೆನೇರಿಸ್ ಶಾಂತಿಯ ಪ್ರಯತ್ನಕ್ಕೆ ಬೆನ್ನು ತಿರುಗಿಸಿ ಬೆಂಕಿಯತ್ತ ಮುಖ ಮಾಡುವ ಸೂಚನೆ ಸ್ಪಷ್ಟವಾಗಿದೆ. ಕತೆಯ ಮುಖ್ಯ ತಿರುವುಗಳನ್ನು ಮಾರ್ಟಿನ್ ನಿರ್ಮಾಪಕರಿಗೆ ಮೊದಲೇ ತಿಳಿಸಿದ್ದರು. ಎಲ್ಲಿಗೆ ಮುಟ್ಟಬೇಕೆಂದು ಅವರಿಗೆ ಗೊತ್ತಿತ್ತು. ನಡೆದು ಹೋಗುವಷ್ಟು ವ್ಯವಧಾನ ಇರಲಿಲ್ಲ. ಕೊನೆಯ ಸರಣಿಯನ್ನು ಹೊಸದಾಗಿ ಮಾಡಿಕೊಡಿ ಎಂಬ ಮನವಿಗೆ 15 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಅದೇ ಸರಣಿ ಆ ವರ್ಷದ ಅತ್ಯುತ್ತಮ ನಾಟಕ ಸರಣಿಯೆಂದು ಎಮ್ಮಿ ಪ್ರಶಸ್ತಿಯನ್ನೂ ಪಡೆಯಿತು. ಸಹಿ ಹಾಕಿದವರ ಬೇಡಿಕೆ ಬಾಲಿಶವಾಗಿರಬಹುದು. ಅವರ ದುಃಖದ ಮೂಲ ಮಾತ್ರ 2014ರಲ್ಲಿ ಟೈಶಾಳಿಗಾಗಿ ತಕರಾರೆತ್ತಿದವರದ್ದೇ ಆಗಿತ್ತು.

ಈ ತಕರಾರುಗಾರರ ಸಾಲಿಗೆ ಕಟ್ಟಕಡೆಗೆ ಮೂಲ ಲೇಖಕರೇ ಬಂದು ನಿಂತರು. ಅವರ 2018ರ 'ಫೈರ್ ಅಂಡ್ ಬ್ಲಡ್' ಕೃತಿಯನ್ನು ಆಧರಿಸಿದ 'ಹೌಸ್ ಆಫ್ ದಿ ಡ್ರ್ಯಾಗನ್' 2022ರಲ್ಲಿ ಆರಂಭವಾಯಿತು. ಕೃತಿಯಲ್ಲಿ ರಾಣಿ ಹೆಲೇನಾಳ ಮುಂದೆ ಕೊಲೆಗಡುಕರು ಇಬ್ಬರು ಗಂಡುಮಕ್ಕಳಲ್ಲಿ ಯಾರು ಸಾಯಬೇಕೆಂದು ಆರಿಸಲು ಹೇಳುತ್ತಾರೆ. ಆಕೆ ಏನೂ ಅರಿಯದ ಕಿರಿಯ ಮಗು ಮೇಲೋರನ ಹೆಸರು ಹೇಳುತ್ತಾಳೆ. ಅವರು ಹಿರಿಯವನನ್ನು ಕೊಲ್ಲುತ್ತಾರೆ. ತನ್ನ ಸಾವನ್ನು ಬಯಸಿದಳೆಂದು ಗೊತ್ತಾದ ಮಗುವಿನ ಮುಖ ನೋಡುತ್ತ ಆ ತಾಯಿ ಬದುಕಬೇಕು. 2024ರ ಎರಡನೆಯ ಸರಣಿಯಲ್ಲಿ ಮೇಲೋರ್ ಹುಟ್ಟಿಯೇ ಇಲ್ಲ, ಆದ್ದರಿಂದ ಆ ಆಯ್ಕೆಯೂ ಇಲ್ಲ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮಾರ್ಟಿನ್ ಈ ಲೋಪವನ್ನು ಬಿಡಿಸಿ ಬರೆದರು. ಒಂದು ಪುಟ್ಟ ಮಗುವನ್ನು ಕೈಬಿಟ್ಟರೆ ಮುಂದಿನ ಎಷ್ಟೆಲ್ಲ ಸಂಗತಿಗಳ ಕೊಂಡಿ ಕಳಚುತ್ತದೆಂದು ವಿವರಿಸಿ, ಸ್ವಲ್ಪ ಹೊತ್ತಿನಲ್ಲೇ ಆ ಬರಹವನ್ನು ಹಿಂತೆಗೆದುಕೊಂಡರು. ಅವರ ತಕರಾರಿಗೂ ನನ್ನ ಅಕ್ಕನ ಮಗನ ಪ್ರಶ್ನೆಗೂ ಜಾತಿ ಒಂದೇ.

ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಕಾರಣಗಳನ್ನು ಬಿಡದೆ ಪೋಣಿಸುತ್ತ ಹೋದ ಲೇಖಕರು ತಾವೇ ಕಟ್ಟಿದ ಗಂಟಿನಲ್ಲಿ ಸಿಕ್ಕಿಕೊಂಡಿದ್ದಾರೆ. ಮೀರೀನ್ ಎಂಬ ನಗರದಲ್ಲಿ ಹಲವು ಪಾತ್ರಗಳು ಯಾವ ಕ್ರಮದಲ್ಲಿ ಬಂದು ಸೇರಬೇಕೆಂಬ ತೊಡಕೇ ಐದನೆಯ ಕಾದಂಬರಿಯನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಿತ್ತು. ನಟರು ಬೆಳೆಯುತ್ತಾರೆ, ಒಪ್ಪಂದಗಳು ಮುಗಿಯುತ್ತವೆ. ಧಾರಾವಾಹಿಯವರಿಗೆ ಕಾಯುವ ಸವಲತ್ತಿಲ್ಲ. ಅವರು ಗಂಟನ್ನು ಕತ್ತರಿಸಿದರು, ಮಾರ್ಟಿನ್ ಇನ್ನೂ ಬಿಡಿಸುತ್ತ ಕೂತಿದ್ದಾರೆ. 1948ರಲ್ಲಿ ಹುಟ್ಟಿದ ಆ ಹಿರಿಯರ ಕೈಯಲ್ಲಿ ಇದು ಬಿಚ್ಚಿಕೊಳ್ಳುತ್ತದೆಯೇ ಎಂಬ ಆತಂಕವನ್ನು ಓದುಗರು ಬಾಯಿಬಿಟ್ಟು ಆಡಲು ಹಿಂಜರಿಯುತ್ತಾರೆ. ಮುಗಿದದ್ದರಲ್ಲಿ ಕಾರಣವಿಲ್ಲ, ಕಾರಣವಿದ್ದದ್ದು ಮುಗಿದಿಲ್ಲ. ಅಭಿಮಾನಿಗಳ ಜಗಳ ಇಷ್ಟು ವರ್ಷ ಆರದೆ ಉಳಿದಿರುವುದು ಈ ಎರಡರ ನಡುವಿನ ಖಾಲಿ ಜಾಗದಲ್ಲಿ.

ಅಕ್ಕನ ಮಗ ಈಚೆಗೆ ಕಾದಂಬರಿಗಳನ್ನು ಓದತೊಡಗಿದ್ದಾನೆ. ಕೊನೆ ಸಿಗುವುದಿಲ್ಲವೆಂದು ಗೊತ್ತಿದ್ದೂ ಓದುತ್ತಿದ್ದಾನೆ. ಕಳೆದ ವಾರ ರಾತ್ರಿ ಹನ್ನೊಂದು ದಾಟಿದ ಮೇಲೆ ಅವನ ಫೋನ್ ಬಂತು. ಮೂರನೆಯ ಸಂಪುಟದ ಕೊನೆಯ ಅಧ್ಯಾಯಗಳಲ್ಲಿದ್ದ. "ಜೇಮಿ ನಿಜ ಹೇಳಿಬಿಟ್ಟ ಮಾವ," ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ಯಾಕೆ ಬಿಟ್ರು?" ಎಂದು ಕೇಳಿದ. ಈ ಸಲ ತಿದ್ದುವುದಕ್ಕೆ ನನ್ನಲ್ಲಿ ಏನೂ ಇರಲಿಲ್ಲ. "ಮುಂದೆ ಓದು," ಎಂದಷ್ಟೇ ಹೇಳಿದೆ.