ಮೊಡವೆಯ ಗುಳಿಗೆ ನುಂಗುವ ಮುನ್ನ

ಹರೆಯದ ಹುಡುಗಿಯ ಕೆನ್ನೆಯ ಮೇಲೆ ಮೊಡವೆ ಎದ್ದರೆ ಸಾಕು, ಮನೆಮಂದಿಯೆಲ್ಲ ವೈದ್ಯರಾಗಿಬಿಡುತ್ತಾರೆ. ಅಜ್ಜಿ ಜಾಯಿಕಾಯಿ ತೇದು ಕೊಡುತ್ತಾರೆ, ಅತ್ತೆ ಕಡಲೆಹಿಟ್ಟಿಗೆ ಅರಿಶಿನ ಬೆರೆಸಿ ಹಚ್ಚು ಎನ್ನುತ್ತಾರೆ. ಸಣ್ಣಪುಟ್ಟ ಮೊಡವೆ ತಾನಾಗಿ ಹೋಗುವುದೂ ಉಂಟು. ಆದರೆ ಗಟ್ಟಿ ಗಂಟಾಗಿ, ಕೀವು ತುಂಬಿ, ಮಾಯ್ದ ಮೇಲೂ ಕುಳಿ ಬಿಡುವ ಮೊಡವೆಯ ಮಾತೇ ಬೇರೆ.

ಕುಣಿಗಲ್‌ನಲ್ಲಿರುವ ನನ್ನಕ್ಕನ ಮಗಳದ್ದು ಈ ಬಗೆಯದು. “ಮದುವೆಯಾದ್ರೆ ಎಲ್ಲಾ ಹೋಗುತ್ತೆ ಬಿಡೇ” ಎಂದು ಅಕ್ಕ ಸಮಾಧಾನ ಹೇಳುತ್ತಿದ್ದಳು. ಗುಬ್ಬಿಯ ಕಡೆ ಸಂಬಂಧ ಕೂಡಿಬಂದಾಗ ಹುಡುಗಿ ಗಾಬರಿಯಿಂದ ಔಷಧಿ ಅಂಗಡಿಯೊಂದರಲ್ಲಿ ಚೀಟಿಯಿಲ್ಲದೆ ಯಾವುದೋ ಮುಲಾಮು ತಂದಳು. ಎರಡು ವಾರ ಮುಖ ಫಳಫಳ. ನಿಲ್ಲಿಸಿದ್ದೇ ತಡ, ಕೆಂಪಗೆ ಉರಿ, ಮೊದಲಿಗಿಂತ ಹೆಚ್ಚು ಮೊಡವೆ! ಅದರಲ್ಲಿದ್ದದ್ದು ಸ್ಟೀರಾಯ್ಡ್. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರ್ಕಾರ 2018ರಲ್ಲೇ ಆದೇಶಿಸಿದೆ. ಆದರೂ ಕೇಳಿದರೆ ಕೊಡುವವರಿದ್ದಾರೆ.

ಕೊನೆಗೆ ತುಮಕೂರಿಗೆ ಹೋಗಿ ಚರ್ಮವೈದ್ಯರಿಗೆ ತೋರಿಸಿದೆವು. ಕೆಲವು ತಿಂಗಳು ಬೇರೆ ಔಷಧಿ ಕೊಟ್ಟು ನೋಡಿದರು, ಬಗ್ಗಲಿಲ್ಲ. ದೀಪಾವಳಿ ಹೊತ್ತಿಗೆ ಐಸೊಟ್ರೆಟಿನಾಯಿನ್ ಎಂಬ ಗುಳಿಗೆಯ ಮಾತು ತೆಗೆದರು. ಅಮೆರಿಕದಲ್ಲಿ 1982ರಲ್ಲಿ ಒಪ್ಪಿಗೆ ಪಡೆದ ಔಷಧಿ ಇದು. ‘ಎ’ ಜೀವಸತ್ವದ ಜಾತಿಯದು. ಚರ್ಮದ ಎಣ್ಣೆಗ್ರಂಥಿಗಳನ್ನೇ ಕುಗ್ಗಿಸುವುದರಿಂದ, ಬೇರೇನಕ್ಕೂ ಜಗ್ಗದ ಮೊಡವೆಯೂ ಅನೇಕರಿಗೆ ಮತ್ತೆ ಬಾರದಂತೆ ಹೋಗುತ್ತದೆ. ಆರು ತಿಂಗಳ ಚಿಕಿತ್ಸೆ ಎಂದರು.

ಆಮೇಲೆ ವೈದ್ಯರು ಕೇಳಿದ ಪ್ರಶ್ನೆ: “ಮದುವೆ ಯಾವಾಗಮ್ಮ?” ವೈಶಾಖದಲ್ಲಿ ಎಂದಳು ಅಕ್ಕ. ಹಾಗಾದರೆ ಯೋಚಿಸಿ ಎಂದುಬಿಟ್ಟರು!

ಸೋದರಿಯರೇ, ವಿಷಯ ಇರುವುದೇ ಇಲ್ಲಿ. ಈ ಗುಳಿಗೆ ನುಂಗುವಾಗ ಗರ್ಭ ನಿಂತರೆ ಮಗುವಿನ ಮಿದುಳು, ಹೃದಯ, ಕಿವಿ, ಮುಖಕ್ಕೆ ಗಂಭೀರ ದೋಷ ತಗಲಬಹುದು, ಗರ್ಭಪಾತವೂ ಆಗಬಹುದು. ಕೆಲವೇ ದಿನ ನುಂಗಿದರೂ ಅಪಾಯ ತಪ್ಪಿದ್ದಲ್ಲ. ಅದಕ್ಕೇ ಶುರುಮಾಡುವ ಮುನ್ನ ಗರ್ಭಪರೀಕ್ಷೆ, ನಿಲ್ಲಿಸಿದ ಮೇಲೂ ಒಂದು ತಿಂಗಳು ಎಚ್ಚರಿಕೆ. ಆ ತಿಂಗಳು ಕಳೆಯುವವರೆಗೆ ರಕ್ತದಾನವನ್ನೂ ಮಾಡುವಂತಿಲ್ಲ. ಅಮೆರಿಕದಲ್ಲಂತೂ 2006ರಿಂದ ಹೆಸರು ನೋಂದಾಯಿಸದೆ ಈ ಔಷಧಿ ಕೈಗೆ ಬರುವುದಿಲ್ಲ. ನಮ್ಮಲ್ಲಿ ತಾಯಿ ಪಕ್ಕದಲ್ಲಿ ಕೂತಿರುವಾಗ ಮದುವೆಯಾಗದ ಹುಡುಗಿಯನ್ನು ಇದನ್ನೆಲ್ಲ ಕೇಳುವುದು ವೈದ್ಯರಿಗೂ ಮುಜುಗರ. ಹೊರಗೆ ಬಂದ ಅಕ್ಕ “ಏನೇನೋ ಕೇಳ್ತಾರಲ್ಲೇ!” ಎಂದು ಸಿಡುಕಿದಳು. ಕೇಳದಿದ್ದರೆ ನಾನು ಸಿಡುಕುತ್ತಿದ್ದೆ. ನಿಮ್ಮ ಮಗಳಿಗೆ ಈ ಗುಳಿಗೆ ಬರೆದರೆ ಐದು ನಿಮಿಷ ಅವಳೊಬ್ಬಳನ್ನೇ ವೈದ್ಯರ ಬಳಿ ಬಿಟ್ಟು ಬನ್ನಿ.

ಉಳಿದವು ಸಂಭಾಳಿಸುವಂಥವು. ತುಟಿ ಒಣಗಿ ಬಿರಿಯುವುದು ಹೆಚ್ಚುಕಡಿಮೆ ಎಲ್ಲರಿಗೂ ಇದ್ದದ್ದೇ. ಮೊದಲ ವಾರಗಳಲ್ಲಿ ಮೊಡವೆ ಹೆಚ್ಚಾದರೆ ಹೆದರಬೇಡಿ. ಯಕೃತ್ತು, ರಕ್ತದ ಕೊಬ್ಬಿನ ಪರೀಕ್ಷೆ ತಪ್ಪಿಸಬೇಡಿ. ಜೊತೆಗೆ ‘ಎ’ ಜೀವಸತ್ವದ ಮಾತ್ರೆ ಕೂಡದು, ವ್ಯಾಕ್ಸಿಂಗ್ ಕೂಡದು. ಕೆಲವರಿಗೆ ಮನಸ್ಸು ಕುಗ್ಗಿದ್ದು ವರದಿಯಾಗಿದೆ. ಕಾರಣ ಗುಳಿಗೆಯೇ ಎಂದು ಖಚಿತವಾಗಿಲ್ಲ, ಆದರೂ ಹುಡುಗಿ ಮಂಕಾದರೆ ಕೂಡಲೇ ವೈದ್ಯರಿಗೆ ತಿಳಿಸಿ. ಊಟದಲ್ಲಿ ಒಂದಿಷ್ಟು ಎಣ್ಣೆ, ತುಪ್ಪ ಇದ್ದರೇ ಇದು ಮೈಗೆ ಚೆನ್ನಾಗಿ ಹತ್ತುವುದು. ಮೊಡವೆಗೆ ಹೆದರಿ ಜಿಡ್ಡು ಬಿಟ್ಟಿದ್ದ ನಮ್ಮ ಹುಡುಗಿಗೆ ಮುದ್ದೆಗೆ ತುಪ್ಪ ಬಿತ್ತು!

ಮದುವೆಯ ವಿಚಾರಕ್ಕೆ ದಾರಿ ಮಾಡಿದವಳೂ ಅವಳೇ. ಬೀಗರಿಗೆ ಹೇಗೆ ಹೇಳುವುದೆಂದು ನಾವು ಪಿಸುಗುಟ್ಟುತ್ತಿರುವಾಗಲೇ ಗುಬ್ಬಿಯ ಹುಡುಗನಿಗೆ ತಾನೇ ಫೋನ್ ಮಾಡಿ, ಇದ್ದದ್ದು ಇದ್ದ ಹಾಗೆ ಹೇಳಿದಳು. ಮದುವೆ ಶ್ರಾವಣಕ್ಕೆ ಹೋಯಿತು. ಬೀಗರ ಮನೆಯಲ್ಲಿ ಒಂದು ವಾರ ಮುಖ ಊದಿಸಿಕೊಂಡಿದ್ದರು, ಅಷ್ಟೆ.

ಈಗ ಹೊಸ ಮೊಡವೆ ಏಳುತ್ತಿಲ್ಲ. ಹಳೆಯ ಕುಳಿಗಳು ಹಾಗೇ ಇವೆ, ಅವಕ್ಕೆ ಗುಳಿಗೆಯಿಂದ ಪರಿಹಾರವಿಲ್ಲ. ಬೇರೆ ಚಿಕಿತ್ಸೆ ಮಾಡಿಸೋಣವೇ ಎಂದರೆ “ಸಾಕು ಚಿಕ್ಕಮ್ಮ” ಎನ್ನುತ್ತಾಳೆ.