ಜಡಿಮಳೆಯಲ್ಲಿ ಮುಜಂಟಿ ಜೇನು

ಕರಾವಳಿಯಲ್ಲಿ ಮುಜಂಟಿ, ಉತ್ತರ ಕನ್ನಡದಲ್ಲಿ ಮಿಸ್ರಿ ಎನಿಸಿಕೊಳ್ಳುವ, ಸುಮಾರು 4 ಮಿಲಿಮೀಟರ್ ಉದ್ದದ ಚುಚ್ಚದ ಜೇನುನೊಣಗಳು ಮೇಣಕ್ಕೆ ಮರದ ಅಂಟನ್ನು ಬೆರೆಸಿ ಕಟ್ಟಿದ ಪುಟ್ಟ ಕುಡಿಕೆಗಳಲ್ಲಿ ತುಪ್ಪವನ್ನೂ ಪರಾಗವನ್ನೂ ಕೂಡಿಡುತ್ತವೆ. ಜೂನ್‌ ತಿಂಗಳಿಂದ ಜಡಿಮಳೆ ಹಿಡಿದಾಗ ಅವು ಹೊರಗೆ ಹಾರಲಾರದೆ ಈ ದಾಸ್ತಾನನ್ನೇ ನಂಬಿ ಬದುಕುವುದರಿಂದ, ಬೇಸಿಗೆಯಲ್ಲಿ ತುಪ್ಪ ತೆಗೆಯುವಾಗ ಕುಡಿಕೆಗಳನ್ನೆಲ್ಲ ಬರಿದು ಮಾಡುವುದೆಂದರೆ ಕುಟುಂಬವನ್ನು, ಅಂದರೆ ರಾಣಿಯೊಡನಿರುವ ಇಡೀ ನೊಣಸಮೂಹವನ್ನು, ಉಪವಾಸಕ್ಕೆ ದೂಡಿದಂತೆಯೇ ಸರಿ. ಪೆಟ್ಟಿಗೆಯನ್ನು ಇರಚಲು ತಾಗದ ಜಗಲಿಯ ಮಾಡಿನಡಿ, ಬಾಗಿಲಿನ ಕಡೆಗೆ ತುಸು ಇಳಿಜಾರಾಗುವಂತೆ ತೂಗುಹಾಕಿ, ಇರುವೆ ಇಳಿಯದಂತೆ ತಂತಿಗೆ ಗ್ರೀಸ್ ಸವರುವುದು ಒಳ್ಳೆಯದು. ಸಣ್ಣ ಬಿರುಕುಗಳನ್ನು ನೊಣಗಳೇ ಅಂಟಿನಿಂದ ಮುಚ್ಚಿಕೊಳ್ಳುತ್ತವೆ. ಕುತೂಹಲಕ್ಕೆಂದು ಮುಚ್ಚಳ ಎತ್ತಿದರೆ ಆ ಬೆಸುಗೆ ಒಡೆದು, ತೇವದ ಜೊತೆಗೆ, ಪರಾಗದಲ್ಲಿ ಮೊಟ್ಟೆಯಿಡುವ ಪರಕೀಯ ನೊಣಗಳೂ ಒಳನುಗ್ಗುತ್ತವೆ. ಮಳೆ ಹಿಂದೆ ಸರಿಯುವ ತನಕ ಪೆಟ್ಟಿಗೆಯನ್ನು ತೆರೆಯಬಾರದು.