ನೆಗಡಿಯೋ, ಫ್ಲೂ ಜ್ವರವೋ?

ಐಪ್ಪಸಿ ಮಳೆ ಹಿಡಿಯಿತೆಂದರೆ ಕೊಯಮತ್ತೂರು, ತಿರುಪ್ಪೂರು ಕಡೆಯ ನಮ್ಮ ಮನೆಗಳಲ್ಲಿ ಒಬ್ಬರಾದರೂ ಮೂಗೊರೆಸಿಕೊಳ್ಳುತ್ತಿರುತ್ತಾರೆ. ಇಲ್ಲಿನ ತಮಿಳರು "ಸಳಿ, ಕಾಯ್ಚಲ್" ಎಂದು ಒಂದೇ ಉಸಿರಿಗೆ ಹೇಳುತ್ತಾರೆ. ನಾವೂ ನೆಗಡಿ-ಜ್ವರವೆಂದು ಒಂದೇ ಖಾತೆಗೆ ಬರೆದುಬಿಡುತ್ತೇವೆ. ಆದರೆ ಇವು ಎರಡು ಬೇರೆ ಖಾತೆಗಳು. ಪುಣೆ, ದೆಹಲಿ ಕಡೆ ಫ್ಲೂ ಹೆಚ್ಚುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ತಮಿಳುನಾಡಿನಲ್ಲಿ ಹಿಂಗಾರು ಮಳೆಯ ಅಕ್ಟೋಬರ್‌ನಿಂದ ಡಿಸೆಂಬರ್ ಅದರ ಕಾಲ.

ನೆಗಡಿ ಮೆಲ್ಲಗೆ ಬರುತ್ತದೆ. ಮೊದಲು ಗಂಟಲು ಕೆರೆತ, ಆಮೇಲೆ ಸೀನು, ಮೂಗು ಸೋರುವುದು. ದೊಡ್ಡವರಿಗೆ ಜ್ವರ ಬರುವುದೇ ಅಪರೂಪ. ಅಂಗಡಿ ಗಲ್ಲೆಯ ಮೇಲೆ ಕೂತು ವ್ಯಾಪಾರ ಮಾಡುವಷ್ಟು ಶಕ್ತಿ ಇರುತ್ತದೆ. ಫ್ಲೂ ಹಾಗಲ್ಲ. ಬೆಳಿಗ್ಗೆ ಚೆನ್ನಾಗಿದ್ದವರು ಸಂಜೆಗೆ ಮಲಗಿಬಿಡುತ್ತಾರೆ. 101, 102 ಡಿಗ್ರಿ ಜ್ವರ, ನಡುಕ, ತಲೆನೋವು, ಮೈಕೈ ಮುರಿದು ಹಾಕಿದಂಥ ನೋವು, ಒಣಕೆಮ್ಮು. ಜ್ವರ ಬಿಟ್ಟ ಮೇಲೂ ವಾರಗಟ್ಟಲೆ ಸುಸ್ತು ಉಳಿಯುವುದುಂಟು. ತಿರುಪ್ಪೂರು ಜಿಲ್ಲೆಯಾದ 2009ರಲ್ಲೇ "ಹಂದಿಜ್ವರ" ಎಂದು ದೇಶವೆಲ್ಲ ಹೆದರಿತಲ್ಲ, ಅದೂ ಫ್ಲೂವಿನದೇ ಒಂದು ತಳಿ. ಈಗಲೂ ಪ್ರತಿ ವರ್ಷ ಬರುವ ಫ್ಲೂಗಳಲ್ಲಿ ಅದೂ ಸೇರಿದೆ.

ಬನಿಯನ್ ಕಾರ್ಖಾನೆ, ನೂಲಿನ ಗೋದಾಮುಗಳಲ್ಲಿ ಇರುವವರಿಗೆ ಹತ್ತಿಯ ಧೂಳಿನಿಂದ ಬರುವ ಸೀನು ಮೂರನೆಯದು. ಜ್ವರವಿಲ್ಲದೆ, ರಜೆಯ ದಿನ ಕಡಿಮೆಯಾಗಿ ಕೆಲಸಕ್ಕೆ ಹೋದ ಕೂಡಲೇ ಹೆಚ್ಚಾದರೆ ಧೂಳನ್ನು ಅನುಮಾನಿಸಿರಿ.

ಗುರುತು ಹಿಡಿಯಬೇಕಾದ್ದು ಏಕೆಂದರೆ, ಫ್ಲೂಗೆ ಒಸೆಲ್ಟಾಮಿವಿರ್ ಎಂಬ ಔಷಧಿಯಿದೆ. ಮೊದಲ 48 ಗಂಟೆಯೊಳಗೆ ಶುರುಮಾಡಿದರೆ ಅದರ ಫಲ ಹೆಚ್ಚು. ಎಲ್ಲರಿಗೂ ಅದು ಬೇಕಿಲ್ಲ. ಮನೆಯಲ್ಲಿ ಸಕ್ಕರೆ ಕಾಯಿಲೆ, ಆಸ್ತಮಾ, ಹೃದಯದ ತೊಂದರೆಯವರು, ಬಸುರಿ, ಹಸುಗೂಸು, 65 ದಾಟಿದವರು ಇದ್ದರೆ "ನಾಳೆ ನೋಡೋಣ" ಎನ್ನದೆ ಅಂದೇ ಡಾಕ್ಟರಿಗೆ ತೋರಿಸಿರಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಆಂಟಿಬಯಾಟಿಕ್ ಈ ಎರಡಕ್ಕೂ ನಾಟುವುದಿಲ್ಲ. ಎರಡೂ ವೈರಸ್ಸಿನಿಂದ ಬಂದವು. ಕೊರೋನಾವೂ ಹೀಗೆಯೇ ಕಾಣುತ್ತದೆ, ಪರೀಕ್ಷೆಯಿಲ್ಲದೆ ತಿಳಿಯದು. ಮೂಗು ಸೋರದೆ ಬರೀ ಜ್ವರ, ಕಣ್ಣಿನ ಹಿಂದೆ ನೋವು ಎಂದರೆ ಈ ಮಳೆಗಾಲದಲ್ಲಿ ಡೆಂಗ್ಯೂ ಇರಬಹುದು. ಅದಲ್ಲವೆಂದು ಗೊತ್ತಾಗುವವರೆಗೆ ಆಸ್ಪಿರಿನ್, ಬ್ರೂಫೆನ್ ಮುಟ್ಟಬಾರದು. ಮಕ್ಕಳಿಗಂತೂ ಫ್ಲೂವಿನಲ್ಲೂ ಆಸ್ಪಿರಿನ್ ಕೂಡದು. ಉಸಿರಾಟಕ್ಕೆ ಕಷ್ಟ, ಎದೆನೋವು, ತುಟಿ ನೀಲಿಯಾಗುವುದು, ಮಾತು ತಡಬಡಿಸುವುದು, ಇಳಿದ ಜ್ವರ ಮತ್ತೆ ಏರುವುದು – ಇವಿದ್ದರೆ ನೇರ ಆಸ್ಪತ್ರೆಗೆ.

ನಮ್ಮ ಮನೆಗಳ ಒಂದು ಮಾತು. ಒಣಶುಂಠಿ, ಮೆಣಸು, ತುಳಸಿ, ಬೆಲ್ಲದ ಕಷಾಯ ಗಂಟಲಿಗೆ ಹಿತ. ಜೇನು, ಹಸಿಶುಂಠಿ ಇಲ್ಲದೆಯೂ ನಡೆಯುತ್ತದೆ. ಕಾಯಿಸಿದ ನೀರು ಹೇಗೂ ಇದ್ದೇ ಇದೆ, ಅದನ್ನು ಹಗಲೆಲ್ಲ ಕುಡಿಸಿರಿ. ಆದರೆ ಜ್ವರದಲ್ಲಿ ಮೈಯ ನೀರು ಬೇಗ ಬತ್ತುತ್ತದೆ. ಸೂರ್ಯಾಸ್ತದ ನಂತರ ನೀರೂ ಮುಟ್ಟದ ಹಿರಿಯರು, ಉಪವಾಸ ಹಿಡಿದವರು ಇಂಥ ಸಮಯಕ್ಕೆ ಏನು ಮಾಡಬೇಕೆಂದು ಗುರುಗಳನ್ನೂ ಡಾಕ್ಟರನ್ನೂ ಮೊದಲೇ ಕೇಳಿಟ್ಟುಕೊಳ್ಳುವುದು ಲೇಸು. ಅಜ್ಜಿಗೆ 102 ಏರಿದ ರಾತ್ರಿ ಆ ಚರ್ಚೆಗೆ ಸಮಯವಲ್ಲ.

ನೆಗಡಿಗೆ ಲಸಿಕೆಯಿಲ್ಲ, ಅದನ್ನು ತರುವ ವೈರಸ್ಸುಗಳು ನೂರಕ್ಕೂ ಹೆಚ್ಚು. ಫ್ಲೂಗೆ ಇದೆ, ವರ್ಷಕ್ಕೊಮ್ಮೆ ಹಾಕಿಸಬೇಕು. ಅದನ್ನು ಬಹುಮಟ್ಟಿಗೆ ಕೋಳಿಮೊಟ್ಟೆಯಲ್ಲಿ ಬೆಳೆಸುತ್ತಾರೆಂಬುದನ್ನು ಮುಚ್ಚಿಡದೆ ಹೇಳುತ್ತೇನೆ. ಮೊಟ್ಟೆಯಿಲ್ಲದೆ ತಯಾರಾಗುವ ಬಗೆಯೂ ಇದೆ, ಇಲ್ಲಿ ಸಿಗುವುದೇ ಎಂದು ಡಾಕ್ಟರನ್ನು ವಿಚಾರಿಸಿ ಮನೆಯವರು ಕೂತು ತೀರ್ಮಾನಿಸಲಿ.

ಕೆಲಸದ ಹುಡುಗರಿಗೆ ಫ್ಲೂ ಬಂದರೆ ಸಂಬಳ ಹಿಡಿಯದೆ ರಜೆ ಕೊಡಿ. ಒಂದೇ ಕೋಣೆಯಲ್ಲಿ ಏಳೆಂಟು ಮಂದಿ ಮಲಗುವವರು ಅವರು. ಒಬ್ಬ ಕೆಮ್ಮಿದರೆ ವಾರದೊಳಗೆ ಎಲ್ಲರೂ ಮಲಗಬಹುದು. ಮಾತ್ರೆಯಿಲ್ಲದೆ ಜ್ವರ ಬಿಟ್ಟು 24 ಗಂಟೆ ಕಳೆದ ಮೇಲೆ ಬರಹೇಳಿ.